ನೀರು ಹಾಕಿಕೊಟ್ಟ ದಾರಿಗಳು



ಕೊಳ್ಳೇಗಾಲದಿಂದ ಯಳಂದೂರಿಗೆ ಹೆದ್ದಾರಿಯಲ್ಲಿ ಹೋದರೆ 20 ಕಿಲೋಮೀಟರಿಗೂ ಕಡಿಮೆ. ಬೆಂಗಳೂರಿನಿಂದ ಬಂದು ಚಾಮರಾಜನಗರ, ಸತ್ಯಮಂಗಲದ ಕಡೆಗೆ ಸಾಗುವ ಈ ರಸ್ತೆಯನ್ನು ನಮ್ಮ ಸೀಮೆಯವರು ಇವತ್ತಿಗೂ 209 ಎಂದೇ ಕರೆಯುತ್ತಾರೆ. ಸರ್ಕಾರದ ಕಾಗದದಲ್ಲಿ ಅದೀಗ 948. ಕಬ್ಬು ಕಡಿಯುವ ಕಾಲ ಬಂತೆಂದರೆ ಕುಂತೂರಿನ ಸಕ್ಕರೆ ಕಾರ್ಖಾನೆಯ ಕಡೆಗೆ ಹೋಗುವ ಲಾರಿಗಳು, ಟ್ರ್ಯಾಕ್ಟರುಗಳು ಅಗಲಕ್ಕೂ ಕಬ್ಬು ಹೇರಿಕೊಂಡು ಬರುತ್ತವೆ. ಅವುಗಳ ಜೊತೆಗೆ ಕಲ್ಲು, ಜಲ್ಲಿ ತುಂಬಿದ ಟಿಪ್ಪರುಗಳು. ಅಮಾವಾಸ್ಯೆ ಹತ್ತಿರವಾದರೆ ಮಾದಪ್ಪನ ಬೆಟ್ಟಕ್ಕೆ ಹೊರಟ ಕಾರುಗಳು, ಬಸ್ಸುಗಳು ಕೊಳ್ಳೇಗಾಲದಲ್ಲಿ ಸೇರಿಕೊಳ್ಳುತ್ತವೆ. ಸೈಕಲ್ ತುಳಿಯುವವನು ಬಿಳಿ ಗೆರೆ ದಾಟಿ ಮಣ್ಣಿಗೆ ಇಳಿಯಬೇಕು. ಹಾಗೆ ಇಳಿದವನು ಮತ್ತೆ ಡಾಂಬರಿಗೆ ಹತ್ತಲು ಬೆನ್ನ ಹಿಂದೆ ನೋಡಿ ನೋಡಿ ಸಾಕಾಗುತ್ತಾನೆ.

ಇದೇ ಎರಡು ಊರುಗಳ ನಡುವೆ ಇನ್ನೊಂದು ಬಗೆಯ ದಾರಿಗಳಿವೆ. ಕೆರೆಯ ಏರಿ, ನಾಲೆಯ ದಂಡೆ, ಗದ್ದೆಬಯಲಿನ ನಡುವಿನ ಗಾಡಿದಾರಿ, ಒಂದು ಹಳ್ಳಿಯಿಂದ ಪಕ್ಕದ ಹಳ್ಳಿಗೆ ಮಾತ್ರ ಹೋಗುವ ಕಿರುರಸ್ತೆ. ಇವು ಯಾವ ನಕ್ಷೆಯಲ್ಲೂ ಒಂದೇ ಹೆಸರಿನಲ್ಲಿ ಇಲ್ಲ, ತುಂಡು ತುಂಡಾಗಿ ಬಿದ್ದಿವೆ. ಆ ತುಂಡುಗಳನ್ನು ಜೋಡಿಸಿಕೊಂಡು ಹೋಗುವವನಿಗೆ ಲಾರಿಯ ಹಾರನ್ನು ಕೇಳುವುದು ಹೆದ್ದಾರಿಯನ್ನು ಅಡ್ಡ ದಾಟುವಾಗ ಮಾತ್ರ. ಇವತ್ತಿನ ನನ್ನ ಮಾತು ಈ ದಾರಿಗಳ ಬಗ್ಗೆ.

ಮೊದಲು ಸ್ವಲ್ಪ ದೂರ ಹೋಗಿ ಬರೋಣ. ವಾಹನಗಳಿಲ್ಲದ ಸೈಕಲ್ ದಾರಿಗಳೆಂದರೆ ಪ್ರಪಂಚದ ಸೈಕಲ್ ಪ್ರವಾಸಿಗರು ಬಾಯಿತುಂಬ ಹೊಗಳುವುದು ಫ್ರಾನ್ಸ್ ದೇಶದ ಹಳ್ಳಿಗಾಡನ್ನು. ಅಲ್ಲಿ ಬರ್ಗಂಡಿ ಎಂಬ ಸೀಮೆಯಿದೆ, ಸುಣ್ಣಕಲ್ಲಿನ ನೆಲ, ದ್ರಾಕ್ಷಿತೋಟಗಳ ನಾಡು. ಆ ಸೀಮೆಯ ಝಿವ್ರಿ ಮತ್ತು ಕ್ಲೂನಿ ಎಂಬ ಊರುಗಳ ನಡುವೆ ರೈಲು ಓಡಾಡುತ್ತಿತ್ತು. ರೈಲು ನಿಂತಿತು, ಹಳಿ ಕಿತ್ತರು, ಹಳಿಯ ಹಾಸು ಉಳಿಯಿತು. ಅದರ ಮೇಲೆ 44 ಕಿಲೋಮೀಟರ್ ಉದ್ದದ ದಾರಿಯನ್ನು ಮಾಡಿ 1997ರಲ್ಲಿ ತೆರೆದರು. ಮೋಟಾರಿಗೆ ಪ್ರವೇಶವಿಲ್ಲ, ಸೈಕಲ್, ನಡಿಗೆ, ಗಾಲಿಕುರ್ಚಿಗೆ ಮಾತ್ರ. 'ಹಸಿರು ದಾರಿ' ಎಂದು ಅದಕ್ಕೆ ಹೆಸರು. ಅಲ್ಲಿಂದ ಮುಂದೆ ದೇಶದ ತುಂಬ ಇಂಥ ದಾರಿಗಳಾದವು. 2004ರಲ್ಲಿ ಸಂಚಾರ ಕಾನೂನಿನ ಒಳಗೇ ಹಸಿರು ದಾರಿ ಎಂದರೇನು, ಅದರಲ್ಲಿ ಯಾರು ಹೋಗಬಹುದು ಎಂದು ಬರೆದಿಟ್ಟರು. ಕ್ಲೂನಿಯಿಂದ ದಕ್ಷಿಣಕ್ಕೆ ಹೋಗುವಾಗ ಒಂದೂವರೆ ಕಿಲೋಮೀಟರಿಗಿಂತ ಉದ್ದದ ಹಳೆಯ ರೈಲು ಸುರಂಗ ಸಿಗುತ್ತದೆ. ಬೇಸಿಗೆಯಲ್ಲಿ ಸೈಕಲ್ಲುಗಳು ಅದರೊಳಗೆ ದೀಪದ ಬೆಳಕಿನಲ್ಲಿ ಹಾದು ಹೋಗುತ್ತವೆ. ಚಳಿಗಾಲದಲ್ಲಿ ಸುರಂಗಕ್ಕೆ ಬಾಗಿಲು ಹಾಕುತ್ತಾರೆ, ಒಳಗೆ ಬಾವಲಿಗಳು ನಿದ್ದೆ ಮಾಡುವ ಕಾಲ ಅದು. ಈ ಬಾವಲಿಗಳನ್ನು ನೆನಪಿಟ್ಟುಕೊಳ್ಳಿ, ಹನೂರಿನ ಮಾತು ಬಂದಾಗ ಬೇಕಾಗುತ್ತದೆ.

ಅದೇ ದೇಶದ ದಕ್ಷಿಣದಲ್ಲಿ ಕೋಸ್ ಎಂದು ಕರೆಯುವ ಸುಣ್ಣಕಲ್ಲಿನ ಎತ್ತರದ ಬಯಲುಗಳಿವೆ. ಸುಣ್ಣಕಲ್ಲು ಮಳೆನೀರಿಗೆ ನಿಧಾನವಾಗಿ ಕರಗುತ್ತದೆ, ಬಿರುಕು ಬಿಡುತ್ತದೆ, ಬಿದ್ದ ನೀರನ್ನೆಲ್ಲ ಒಳಕ್ಕೆ ಕುಡಿದುಬಿಡುತ್ತದೆ. ಪಾದಿರಾಕ್ ಎಂಬಲ್ಲಿ ನೆಲವೇ ಬಾಯಿ ತೆರೆದಿದ್ದು, ನೂರು ಮೀಟರ್ ಕೆಳಗೆ ನದಿ ಹರಿಯುತ್ತದೆ, ಜನ ದೋಣಿಯಲ್ಲಿ ಕೂತು ನೋಡಿ ಬರುತ್ತಾರೆ. ಮೇಲಿನ ಬಯಲಿನಲ್ಲಿ ಮಾತ್ರ ಕುರಿಗೆ ಕುಡಿಯಲು ಗುಟುಕು ನೀರಿಲ್ಲ. ಅದಕ್ಕೇ ಅಲ್ಲಿನ ಕುರಿಗಾಹಿಗಳು ಅಡಿಗೆ ಕಲ್ಲು ಹಾಸಿ, ನೀರು ಇಂಗದ ಹೊಂಡಗಳನ್ನು ಮಾಡಿಕೊಂಡರು. ಊರುಗಳು ಬಹುಪಾಲು ಕೆಳಗಿನ ಕಣಿವೆಗಳಲ್ಲಿ, ಒರತೆಗಳ ಬಾಯಲ್ಲಿ ಕೂತವು. ಮೇಲಿನ ಬಯಲಿನಲ್ಲಿ ಜನ ಕಡಿಮೆ, ವಾಹನ ಕಡಿಮೆ. ಇವತ್ತು ಸೈಕಲ್ಲಿನವರಿಗೆ ಅಲ್ಲಿ ಸಿಗುವ ಆ ಖಾಲಿ ರಸ್ತೆಗಳನ್ನು ಕೊಟ್ಟದ್ದು ಆ ಕಲ್ಲು.

ನಮ್ಮ ಕಲ್ಲಿನ ಕಥೆ ಬೇರೆ. ಬಿಳಿಗಿರಿರಂಗನ ಬೆಟ್ಟದ ಸಾಲು ಚಾರ್ನೊಕೈಟ್ ಎಂಬ ಹಳೆಯ, ಗಟ್ಟಿ ಶಿಲೆಯದು. ಕೆಳಗಿನ ಬಯಲೂ ಗಟ್ಟಿ ಕಲ್ಲೇ. ಈ ಕಲ್ಲು ಕರಗುವುದಿಲ್ಲ, ನೀರನ್ನು ಅಷ್ಟು ಸುಲಭವಾಗಿ ಒಳಕ್ಕೆ ಬಿಟ್ಟುಕೊಳ್ಳುವುದೂ ಇಲ್ಲ. ಬೆಟ್ಟದ ಮೇಲೆ ಬಿದ್ದ ಮಳೆ ಹಳ್ಳವಾಗಿ ಓಡಿ ಕಾವೇರಿಗೆ ಸೇರಿಬಿಡುತ್ತದೆ. ಓಡುವ ನೀರನ್ನು ತಡೆದು ನಿಲ್ಲಿಸದಿದ್ದರೆ ಬೆಳೆಯಿಲ್ಲ. ಹಾಗಾಗಿ ನಮ್ಮ ಹಿರಿಯರು ಕೆರೆ ಕಟ್ಟಿದರು. ಕೆರೆಯೆಂದರೆ ಏರಿ ಬೇಕು. ಏರಿಯೆಂದರೆ ಅದರ ಮೇಲೆ ಎತ್ತಿನಗಾಡಿ ಹೋಗುವಷ್ಟು ಅಗಲ ಬೇಕು. ಯಳಂದೂರಿನ ಮೇಲೆ ಹರಿಯುವ ಸುವರ್ಣಾವತಿಗೆ, ಅಂದರೆ ನಮ್ಮ ಹೊನ್ನುಹೊಳೆಗೆ, ಅಲ್ಲಲ್ಲಿ ಅಣೆ ಕಟ್ಟಿ ಕಾಲುವೆ ತೆಗೆದರು. ಇತ್ತೀಚಿನ ಕಾಲಕ್ಕೆ ಬೀಚನಹಳ್ಳಿಯ ಕಬಿನಿ ಜಲಾಶಯದ ಬಲದಂಡೆ ನಾಲೆ ನಂಜನಗೂಡು, ತಿರುಮಕೂಡಲು ನರಸೀಪುರದ ಸೀಮೆಗಳನ್ನು ದಾಟಿ ಈ ಕಡೆಗೂ ಬಂತು. ನಾಲೆ ತೋಡಿದವರು ಅದನ್ನು ನೋಡಿಕೊಳ್ಳುವುದಕ್ಕೆಂದು ಪಕ್ಕದಲ್ಲೇ ಒಂದು ದಾರಿಯನ್ನೂ ಬಿಟ್ಟರು. ನೀರು ಹರಿಯಬೇಕಾದರೆ ಇಳಿಜಾರು ಬಹಳ ಕಡಿಮೆ ಇರಬೇಕು. ಅದರ ಪಕ್ಕದ ದಾರಿಗೂ ಅದೇ ಇಳಿಜಾರು. ಸೈಕಲ್ ತುಳಿಯುವ ಕಾಲಿಗೆ ಇದಕ್ಕಿಂತ ಹದವಾದ ದಾರಿಯನ್ನು ಯಾವ ಎಂಜಿನಿಯರೂ ಬೇರೆಯಾಗಿ ಹಾಕಿಕೊಡಲಾರ.

ಫ್ರಾನ್ಸಿನವರಿಗೆ ಸತ್ತ ರೈಲುದಾರಿ ಸಿಕ್ಕಿತು. ಕೊಳ್ಳೇಗಾಲಕ್ಕೆ ರೈಲು ಬಂದೇ ಇಲ್ಲ. ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರಕ್ಕೆ ಮಾರ್ಗ ಹಾಕಬೇಕೆಂದು 1990ರ ದಶಕದಲ್ಲೇ ಮಂಜೂರಾತಿ ಸಿಕ್ಕಿತ್ತು. ಈ ಭಾಗದ ಜನ ಅದಕ್ಕಾಗಿ ಕೇಳುತ್ತಲೇ ಬಂದಿದ್ದಾರೆ, ಕೇಳಬೇಕು ಕೂಡ. ಆದರೆ ಹಸಿರು ದಾರಿ ಮಾಡಲು ರೈಲು ಬಂದು ಹೋಗುವವರೆಗೆ ನಾವು ಕಾಯಬೇಕಿಲ್ಲ. ನೀರು ನಮಗೆ ದಾರಿ ಹಾಕಿಕೊಟ್ಟಾಗಿದೆ.

ಒಂದು ಹಾದಿಯನ್ನು ನಿಮ್ಮ ಜೊತೆ ತುಳಿಯುತ್ತೇನೆ. ಯಳಂದೂರಿನಿಂದಲೇ ಹೊರಡೋಣ. ಊರು ಸಣ್ಣದು, ಚರಿತ್ರೆ ಸಣ್ಣದಲ್ಲ. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿದ್ದು 'ಹದಿಬದೆಯ ಧರ್ಮ' ಬರೆದ ಸಂಚಿಯ ಹೊನ್ನಮ್ಮ ಈ ಊರಿನ ಮಗಳು. ದಿವಾನ್ ಪೂರ್ಣಯ್ಯನವರಿಗೆ 1807ರಲ್ಲಿ ಜಹಗೀರಾಗಿ ಬಂದದ್ದು ಇದೇ ಯಳಂದೂರು. ಗೌರೀಶ್ವರ ದೇವಸ್ಥಾನದ ಮುಂದಿನ ಬಳೆಮಂಟಪದಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳ ಸರಪಳಿಯಿದೆ. ಗಟ್ಟಿ ಕಲ್ಲನ್ನು ಈ ಸೀಮೆಯ ಕೈಗಳು ಎಷ್ಟು ಪಳಗಿಸಿದ್ದವು ಎಂದು ಅಲ್ಲಿ ನಿಂತು ನೋಡಬೇಕು. ಸೈಕಲ್ಲಿನಲ್ಲಿ ಬಂದವನಿಗೆ ನಿಲ್ಲುವುದಕ್ಕೆ ಜಾಗ ಹುಡುಕುವ ಕಷ್ಟವಿಲ್ಲ, ಗೋಡೆಗೆ ಒರಗಿಸಿದರೆ ಆಯಿತು.

ಯಳಂದೂರಿನಿಂದ ಕೊಳ್ಳೇಗಾಲದ ದಿಕ್ಕಿಗೆ ಅಗರ, ಮಾಂಬಳ್ಳಿ. ರೇಷ್ಮೆ ನೂಲು ಬಿಚ್ಚುವ ಸರ್ಕಾರಿ ಕಾರ್ಖಾನೆಯಿಂದ ಹೆಸರಾಗಿದ್ದ ಊರು ಮಾಂಬಳ್ಳಿ. ಹಿಪ್ಪುನೇರಳೆ ತೋಟಗಳು ಮೊದಲಿನಷ್ಟು ಇಲ್ಲ, ಕಬ್ಬು, ಬಾಳೆ ಬಂದಿವೆ. ಹೆದ್ದಾರಿ ಬಿಟ್ಟು ಒಳಗೆ ಹೋದರೆ ಭತ್ತದ ಬಯಲು. ಮುಂಗಾರು ಹಿಡಿದು ನಾಲೆಗೆ ನೀರು ಬಿಟ್ಟ ಮೇಲೆ ಇಲ್ಲಿ ನಾಟಿಯ ಸಂಭ್ರಮ. ದಂಡೆಯ ಮೇಲೆ ಸೈಕಲ್ ಹೋಗುತ್ತಿದ್ದರೆ ಒಂದು ಕಡೆ ನಾಲೆಯ ನೀರು, ಇನ್ನೊಂದು ಕಡೆ ಸಸಿಮಡಿ, ಎದುರಿಗೆ ಬಿಳಿಗಿರಿಯ ಸಾಲು. ಕೆರೆಯ ಏರಿಯ ಹತ್ತಿರ ಎಮ್ಮೆ ಕಾಯುವ ಯಜಮಾನರೊಬ್ಬರು ಸಿಕ್ಕೇ ಸಿಗುತ್ತಾರೆ.

"ಎಲ್ಲಿಗ ವಂಟಿರಿ ಸಾಮಿ, ಬಸ್ ಸಿಕ್ನಿಲ್ವಾ?"

"ಇಲ್ಲ ಯಜಮಾನ್ರೇ, ಊರು ನೋಡ್ಕಂಡು ಹೋಗ್ತಾ ಇದೀನಿ."

"ಹಂಗಾದ್ರ ಏರಿ ಮ್ಯಾಲೇ ಹೋಗ್ಬುಡಿ. ರೋಡಲ್ಲಿ ಲಾರಿಗಳು ಜೀವ ತಕ್ಕತವ."

ದಾರಿ ಹೇಳಿಕೊಡುವವರು ಇವರು. ಯಾವ ತೂಬಿನ ಹತ್ತಿರ ದಂಡೆ ಕುಸಿದಿದೆ, ಯಾವ ಕಡೆ ಜಾಲಿ ಬೆಳೆದು ಮುಚ್ಚಿದೆ, ಎಲ್ಲಿ ಇಳಿದು ತಳ್ಳಿಕೊಂಡು ಹೋಗಬೇಕು ಎನ್ನುವುದು ಅವರಿಗೆ ಗೊತ್ತಿರುವಷ್ಟು ಯಾವ ಮೊಬೈಲಿಗೂ ಗೊತ್ತಿಲ್ಲ. ಜಾಲಿಯ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ: ಪಂಪು, ಪಂಕ್ಚರ್ ಸಾಮಾನು, ಒಂದು ಹೆಚ್ಚಿನ ಟ್ಯೂಬು ಇಲ್ಲದೆ ಈ ದಾರಿಗಳಿಗೆ ಇಳಿಯಬೇಡಿ. ಸುಗ್ಗಿಯ ಕಾಲದಲ್ಲಿ ಕಿರುರಸ್ತೆಗಳ ಮೇಲೆ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡುತ್ತಾರೆ. ಹುರುಳಿಯ ಬಳ್ಳಿ ಚೈನಿಗೆ ಸುತ್ತಿಕೊಂಡರೆ ಬಿಡಿಸುವುದಕ್ಕೆ ಹೊತ್ತು ಹಿಡಿಯುತ್ತದೆ. ಅದು ಅವರ ಕಣ, ನಾವು ಇಳಿದು ಬದಿಯಲ್ಲಿ ನಡೆಯುವುದು ಸರಿ.

ಕೊಳ್ಳೇಗಾಲದ ಬಡಗಣ ದಿಕ್ಕಿಗೆ ಕಾವೇರಿ. ಮುಳ್ಳೂರು, ದಾಸನಪುರ, ಹಳೇ ಅಣಗಳ್ಳಿ, ಹಳೇ ಹಂಪಾಪುರ, ಯಡಕುರಿಯ ಎಂಬ ಊರುಗಳ ಹೆಸರನ್ನು ಹೊರಗಿನವರು ಕೇಳುವುದು ಪ್ರವಾಹದ ಸುದ್ದಿಯಲ್ಲಿ ಮಾತ್ರ. ಕಬಿನಿ, ಕೃಷ್ಣರಾಜಸಾಗರ ಎರಡೂ ತುಂಬಿ ಒಟ್ಟಿಗೆ ನೀರು ಬಿಟ್ಟಾಗ, 2018ರಲ್ಲಿ, ಮತ್ತೆ 2019ರಲ್ಲಿ, ಹೊಳೆ ಈ ಊರುಗಳ ಒಳಕ್ಕೆ ನುಗ್ಗಿತ್ತು. ನೀರಿಳಿದ ದಿನಗಳಲ್ಲಿ ಈ ಹೊಳೆದಂಡೆಯ ಊರುಗಳ ನಡುವಿನ ಕಿರುದಾರಿಗಳು ನಮ್ಮ ಜಿಲ್ಲೆಯಲ್ಲೇ ಅತ್ಯಂತ ಚೆಲುವಾದ ಸೈಕಲ್ ಹಾದಿಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಅಲ್ಲಿಂದ ಮುಂದೆ ಸತ್ತೇಗಾಲ, ಶಿವನಸಮುದ್ರ. 1830ರ ಸುಮಾರಿಗೆ ರಾಮಸ್ವಾಮಿ ಮೊದಲಿಯಾರರು ಇಲ್ಲಿ ಕಾವೇರಿಯ ಕವಲುಗಳಿಗೆ ಎರಡು ಸೇತುವೆ ಕಟ್ಟಿಸಿದರು. ಹೊಳೆಯ ಬಂಡೆಯ ಮೇಲೆ ಕಲ್ಲುಕಂಬಗಳನ್ನು ನಿಲ್ಲಿಸಿ, ಕಂಬದಿಂದ ಕಂಬಕ್ಕೆ ಕಲ್ಲಿನ ತೊಲೆ ಹಾಯಿಸಿದ ಸೇತುವೆ. ಆಗ ಹೊಳೆಯ ಆಚೆ ಮೈಸೂರು ಸೀಮೆ, ಈಚೆ ಕುಂಪಣಿಯ ಮದ್ರಾಸು. ಕೊಳ್ಳೇಗಾಲ 1956ರವರೆಗೂ ಕೊಯಮತ್ತೂರು ಜಿಲ್ಲೆಯಲ್ಲೇ ಇತ್ತು. ಎರಡು ಆಡಳಿತಗಳ ನಡುವೆ ಕಾಲ್ನಡೆಯವರನ್ನೂ ಗಾಡಿಗಳನ್ನೂ ದಾಟಿಸಿದ ಆ ಕಲ್ಲುಸೇತುವೆಗಳಲ್ಲಿ ಒಂದನ್ನು ಜನ ವೆಸ್ಲಿ ಸೇತುವೆ ಎನ್ನುತ್ತಾರೆ. ಹೊಸ ಸೇತುವೆ ಬಂದು ಭಾರದ ವಾಹನಗಳು ಅತ್ತ ಹೋದ ಮೇಲೆ ಹಳೆಯದು ನಡೆಯುವವರಿಗೆ, ಸೈಕಲ್ಲಿಗೆ ಉಳಿದಿತ್ತು. 2018ರ ಪ್ರವಾಹ ಅದರ ಒಂದು ಭಾಗವನ್ನು ಕೊಚ್ಚಿಕೊಂಡು ಹೋಯಿತು. ಈ ಸೀಮೆಯ ಹಸಿರು ದಾರಿಗೆ ಹೆಬ್ಬಾಗಿಲಾಗಬೇಕಾದ ಸೇತುವೆ ಅದು. ಅದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಈಗ ಹನೂರು. ಕೊಳ್ಳೇಗಾಲದಿಂದ ಮಾದಪ್ಪನ ಬೆಟ್ಟದ ರಸ್ತೆಯಲ್ಲಿ ಕಾಮಗೆರೆ, ಹನೂರು, ಕೌದಳ್ಳಿ ಸಿಗುತ್ತವೆ. ಆ ರಸ್ತೆಯ ದಟ್ಟಣೆಯನ್ನು ನಾನು ಹೇಳಬೇಕಾಗಿಲ್ಲ. ಮೋಟಾರು ಬರುವ ಮುಂಚೆ ಇದೆಲ್ಲ ಕಾಲುದಾರಿಯ ನಾಡು. ಎಪ್ಪತ್ತೇಳು ಮಲೆಯ ಒಡೆಯನನ್ನು ನೋಡಲು ಹರಕೆ ಹೊತ್ತು ನಡೆದವರು ಇವತ್ತಿಗೂ ತಾಳಬೆಟ್ಟದಿಂದ ಮೆಟ್ಟಿಲು ಹತ್ತುತ್ತಾರೆ. ಕಂಸಾಳೆ ಹಿಡಿದ ದೇವರಗುಡ್ಡರು, ತಂಬೂರಿ ಹಿಡಿದ ನೀಲಗಾರರು ಊರಿಂದ ಊರಿಗೆ ಹಾಡುತ್ತ ಹೋದದ್ದು ಇವೇ ಹಾದಿಗಳಲ್ಲಿ. ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಗೆ ಚಳಿಗಾಲದ ಹುಣ್ಣಿಮೆಯಲ್ಲಿ ಎತ್ತಿನಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರ ಚಕ್ರದ ಜಾಡು ಇನ್ನೂ ಪೂರ್ತಿ ಅಳಿಸಿಲ್ಲ. ಕೊತ್ತನೂರಿನ ಮೇಲಿಂದ ಚಿಕ್ಕಲ್ಲೂರಿಗೆ ಹೋಗುವ ರಸ್ತೆಯಲ್ಲಿ ಜಾತ್ರೆಯ ಐದು ದಿನ ಬಿಟ್ಟರೆ ಉಳಿದ ಕಾಲದಲ್ಲಿ ವಾಹನ ತೀರ ಕಡಿಮೆ. ಸೈಕಲ್ ಕಲಿತ ಹುಡುಗರಿಗೂ ಅಲ್ಲಿ ಭಯವಿಲ್ಲ.

ಹನೂರಿನಿಂದ ಲೊಕ್ಕನಹಳ್ಳಿ, ಒಡೆಯರಪಾಳ್ಯದ ಕಡೆ ಹೋದರೆ ನೆಲ ಏರುತ್ತದೆ. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆನಿಂತ ಟಿಬೆಟಿಯನ್ನರ ಊರುಗಳಿವೆ. ಮುಸುಕಿನ ಜೋಳದ ಹೊಲಗಳ ನಡುವೆ ಬಣ್ಣದ ಪ್ರಾರ್ಥನಾ ಪತಾಕೆಗಳು, ಆಚೆ ಕಾಡು. ರಸ್ತೆ ಖಾಲಿ, ಗಾಳಿ ತಂಪು. ಆದರೆ ಈ ಖಾಲಿ ರಸ್ತೆಯ ಮೊದಲ ಹಕ್ಕುದಾರರು ನಾವಲ್ಲ. ಬಿಳಿಗಿರಿರಂಗನ ಬೆಟ್ಟದ ಹುಲಿ ಅಭಯಾರಣ್ಯಕ್ಕೂ ಮಲೆ ಮಹದೇಶ್ವರ ವನ್ಯಧಾಮಕ್ಕೂ ನಡುವೆ ಆನೆಗಳು ಓಡಾಡುವ ಕಿರಿದಾದ ಹಾದಿಯೊಂದು ಇಲ್ಲಿಯೇ ಹಾಯುತ್ತದೆ, ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆದಾರಿ ಎಂದು ಅದರ ಹೆಸರು. ಆ ಹಾದಿ ಮುಚ್ಚಿಹೋಗಬಾರದೆಂದು ಭಾರತೀಯ ವನ್ಯಜೀವಿ ಟ್ರಸ್ಟ್ ರೈತರಿಂದ ಜಮೀನು ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತು. ಕ್ಲೂನಿಯ ಸುರಂಗದಲ್ಲಿ ಬಾವಲಿಗಳಿಗೆ ಬಾಗಿಲು ಹಾಕಿಕೊಡುತ್ತಾರಲ್ಲ, ಹಾಗೆಯೇ ನಮ್ಮಲ್ಲೂ ಹೊತ್ತು ಇಳಿದ ಮೇಲೆ ಈ ರಸ್ತೆ ಆನೆಗಳದ್ದು. ಬೆಳಿಗ್ಗೆ ಬಿಸಿಲೇರಿದ ಮೇಲೆ ಹೊರಟು, ಸಂಜೆಗೆ ಬಹಳ ಮುಂಚೆ ಊರು ಸೇರಿಕೊಳ್ಳಬೇಕು. ಗುಂಬಳ್ಳಿಯ ಗೇಟು ದಾಟಿ ಬಿಳಿಗಿರಿರಂಗನ ಬೆಟ್ಟಕ್ಕೆ ಹತ್ತುವ ರಸ್ತೆಯನ್ನು ನಾನು ಸೈಕಲ್ ದಾರಿ ಎಂದು ಯಾರಿಗೂ ಹೇಳುವುದಿಲ್ಲ. ಅರಣ್ಯದವರು ಬೇಡವೆಂದ ಕಡೆ ಹೋಗದಿರುವುದು ಪ್ರವಾಸಿಯ ಮರ್ಯಾದೆ.

ಒಂದು ಮಾತು ನನ್ನನ್ನು ಬಿಡದೆ ಕೊರೆಯುತ್ತದೆ. ಆನೆಗೆ ದಾರಿ ಬೇಕೆಂದು ಜಮೀನು ಕೊಂಡು ಬಿಟ್ಟುಕೊಟ್ಟ ನಾಡು ಇದು. ಶಾಲೆಗೆ ಹೋಗುವ ಮಗುವಿನ ಸೈಕಲ್ಲಿಗೆ ದಾರಿ ಬೇಕೆಂದು ಯೋಚಿಸಲು ನಮಗೆ ಯಾಕೆ ಸಾಧ್ಯವಾಗುತ್ತಿಲ್ಲ? ರಾಜ್ಯ ಸರ್ಕಾರ 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಸೈಕಲ್ಲು ಹಳ್ಳಿಯ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ಮುಟ್ಟಿಸಿತು. ಕೋವಿಡ್ ಕಾಲದಲ್ಲಿ ವಿತರಣೆ ನಿಂತಿತು. ಕೊಟ್ಟ ಕಾಲದಲ್ಲೂ ಸೈಕಲ್ಲಿನ ಜೊತೆಗೆ ದಾರಿಯನ್ನು ಯಾರೂ ಕೊಡಲಿಲ್ಲ. ಎಂಟನೇ ತರಗತಿಯ ಹುಡುಗಿ ಬ್ಯಾಗು ಹೊತ್ತು, ಲಂಗ ಚೈನಿಗೆ ಸಿಗದಂತೆ ಎತ್ತಿ ಕಟ್ಟಿಕೊಂಡು, ಕಬ್ಬಿನ ಲಾರಿಯ ಪಕ್ಕದಲ್ಲಿ ಹೋಗಬೇಕಾಗಿ ಬಂತು. ನಾನು ಹೇಳುತ್ತಿರುವ ದಾರಿಗಳು ಬೆಂಗಳೂರಿನಿಂದ ದುಬಾರಿ ಸೈಕಲ್ ಹಿಡಿದು ಬರುವ ಅತಿಥಿಗಳಿಗೂ ಆಗಲಿ, ಅವರು ಬರಲಿ, ಊರಿನ ಹೋಟೆಲಿನಲ್ಲಿ ಇಡ್ಲಿ ತಿನ್ನಲಿ. ಆದರೆ ಮೊದಲು ಈ ಹುಡುಗಿಗೆ.

ನಾಲೆಯ ದಂಡೆಯನ್ನು ಸರಿಮಾಡಿದರೆ ಅದರ ಮೇಲೂ ಲಾರಿ ಬರುತ್ತದೆ, ಬಸ್ಸು ಬರುತ್ತದೆ ಎಂದು ಕೆಲವರು ಹೇಳುತ್ತಾರೆ. ಅವರ ಆತಂಕ ನಿಜ. 2018ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿಯ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಪ್ರಾಣ ಕಳೆದುಕೊಂಡರು, ಅವರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳೂ ಇದ್ದರು. ನಾಲೆಯ ದಂಡೆ ಬಸ್ಸಿನ ಜಾಗವಲ್ಲ, ಟಿಪ್ಪರಿನ ಜಾಗವಂತೂ ಅಲ್ಲವೇ ಅಲ್ಲ. ಭಾರಕ್ಕೆ ದಂಡೆ ಕುಸಿಯುತ್ತದೆ, ಕುಸಿದರೆ ಕೊನೆಭಾಗದ ರೈತನಿಗೆ ನೀರು ಮುಟ್ಟುವುದಿಲ್ಲ. ಸೈಕಲ್ಲಿನಿಂದ, ನಡಿಗೆಯಿಂದ ದಂಡೆ ಹಾಗೆ ಕುಸಿಯುವುದಿಲ್ಲ. ರೈತನ ಎತ್ತಿನಗಾಡಿಗೆ, ನೀರುಗಂಟಿಯ ಓಡಾಟಕ್ಕೆ ಅಡ್ಡಿಯಾಗದ ಹಾಗೆ, ಉಳಿದ ಮೋಟಾರನ್ನು ತಡೆಯುವ ಉಪಾಯ ಬೇಕು. ಫ್ರಾನ್ಸಿನ ದಾರಿಗಳಲ್ಲಿ ರಸ್ತೆಯನ್ನು ದಾಟುವ ಕಡೆಯಲ್ಲೆಲ್ಲ ಅಡ್ಡಗಂಬಗಳಿರುತ್ತವೆ. ಸೈಕಲ್ ನುಸುಳುತ್ತದೆ, ಕಾರು ನುಸುಳುವುದಿಲ್ಲ. ಬೇಕಾದಾಗ ಬೀಗ ತೆಗೆದು ಗಾಡಿ ಬಿಡಬಹುದು.

ಇದಕ್ಕೆ ದೊಡ್ಡ ಯೋಜನೆ, ದೊಡ್ಡ ಶಂಕುಸ್ಥಾಪನೆ ಬೇಡ. ನಾಲೆಗಳು ಕಾವೇರಿ ನೀರಾವರಿ ನಿಗಮದ ಕೈಯಲ್ಲಿವೆ, ಹಳ್ಳಿಯ ಕೆರೆಗಳು ಬಹುಪಾಲು ಪಂಚಾಯಿತಿಗಳ ಕೈಯಲ್ಲಿವೆ. ಇಬ್ಬರೂ ಒಂದೆಡೆ ಕೂತು, ಮೊದಲಿಗೆ ಯಳಂದೂರು–ಮಾಂಬಳ್ಳಿ–ಕೊಳ್ಳೇಗಾಲದ ನಡುವಿನ ತುಂಡುಗಳನ್ನು ಜೋಡಿಸಿದರೆ ಸಾಕು. ಜಾಲಿ ಕಡಿಸಬೇಕು, ಕುಸಿದ ಮೋರಿಗಳನ್ನು ಕಟ್ಟಿಸಬೇಕು, ಮೇಲೆ ಗ್ರಾವೆಲ್ ಹಾಸಿ ರೋಲರ್ ಹಾಯಿಸಬೇಕು. ಉದ್ಯೋಗ ಖಾತ್ರಿಯಲ್ಲಿ ಊರಿನವರೇ ಮಾಡಿದ್ದ ಹೂಳೆತ್ತುವ ಕೆಲಸಕ್ಕಿಂತ ಇದು ಕಷ್ಟದ್ದಲ್ಲ. ಪ್ರತಿ ಕವಲಿನಲ್ಲೂ ಊರಿನ ಹೆಸರು, ದೂರ ಬರೆದ ಕಲ್ಲು ನೆಡಬೇಕು. ದಂಡೆ ರಸ್ತೆಗೆ ಸೇರುವ ಬಾಯಲ್ಲಿ ಇದೇ ಜಿಲ್ಲೆಯ ಕಲ್ಲಿನಲ್ಲಿ ಕಡೆದ ಕಂಬ ನಿಲ್ಲಿಸಬೇಕು. ನಾಲೆಯ ನೀರು ನಿಂತ ಬೇಸಿಗೆಯ ತಿಂಗಳುಗಳಲ್ಲಿ ಕೆಲಸ ಹಿಡಿದರೆ, ಶಾಲೆ ತೆರೆಯುವ ಹೊತ್ತಿಗೆ ಮುಗಿಯುತ್ತದೆ. ನಿಮ್ಮ ಊರಿನ ಮುಂದಿನ ಗ್ರಾಮಸಭೆಯಲ್ಲಿ ಈ ವಿಷಯವನ್ನು ಎತ್ತಿ, ನಡಾವಳಿಯಲ್ಲಿ ಬರೆಸಿ ಎಂದು ಕೇಳಿಕೊಳ್ಳುತ್ತೇನೆ.